ಕಲೆಯ ಬೀದಿಗಳಲ್ಲಿ ತಿಂಡಿ, ಕಾಫಿ: ಬೆಂಗಳೂರಿನ ಹೊಸ ರಸಿಕರಿಗೊಂದು ಕೈಪಿಡಿ

ಬೆಂಗಳೂರಿನಲ್ಲಿ ಚಿತ್ರಶಾಲೆ, ರಂಗಮಂದಿರ, ಸಂಗೀತ ಸಭೆಗಳಿರುವ ಬಡಾವಣೆಗಳಲ್ಲೇ ಊರಿನ ಹೆಸರುವಾಸಿ ತಿಂಡಿ ಹೋಟೆಲುಗಳೂ ಇವೆ. ಇದಕ್ಕೆ ಕಾರಣ ಊರು ಬೆಳೆದ ಬಗೆಯಲ್ಲಿದೆ. 1898ರ ಪ್ಲೇಗಿನ ಹಾವಳಿಯ ನಂತರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿಕೊಂಡವು. ಮೇಷ್ಟರು, ವಕೀಲರು, ಸರ್ಕಾರಿ ನೌಕರರು, ಬರಹಗಾರರು, ಸಂಗೀತಗಾರರು ಅಲ್ಲಿ ಮನೆ ಮಾಡಿದರು. ಮುಂದಿನ ದಶಕಗಳಲ್ಲಿ ಕರಾವಳಿಯ ಉಡುಪಿ, ಕೋಟದ ಕಡೆಯ ಅಡುಗೆಯವರು ಬಂದು ಹೋಟೆಲ್ ತೆರೆದರು. ಕಡಿಮೆ ಕಾಸಿಗೆ ದೋಸೆ, ಕಾಫಿ ಸಿಗುವ ಈ ಜಾಗಗಳಲ್ಲೇ ನಾಟಕದ ಪಾತ್ರ ಹಂಚಿಕೆಯಾಯಿತು, ಪತ್ರಿಕೆಗಳ ಯೋಜನೆ ಕೂಡಿಬಂತು, ಹಿಂದಿನ ರಾತ್ರಿಯ ಸಂಗೀತ ಕಚೇರಿಯ ವಿಮರ್ಶೆ ನಡೆಯಿತು. ದಂಡು ಪ್ರದೇಶದಲ್ಲಿ ಇದೇ ಕೆಲಸವನ್ನು ಬೇಕರಿ, ಕಾಫಿ ಹೌಸ್, ಬಾರ್‌ಗಳು ಮಾಡಿದವು. ಆದ್ದರಿಂದ ಈ ಬಡಾವಣೆಗಳ ಕಲೆಯನ್ನು ಪೂರ್ತಿಯಾಗಿ ಅರಿಯಬೇಕೆನ್ನುವವರು ಅಲ್ಲಿನ ತಿಂಡಿಯನ್ನೂ ಅಷ್ಟೇ ಗಮನವಿಟ್ಟು ಸವಿಯಬೇಕು.

ಹೊತ್ತಿನ ಲೆಕ್ಕ

ಕಲಾವಿಹಾರಕ್ಕೆ ಹೊರಡುವ ಮುನ್ನ ಎರಡು ವೇಳಾಪಟ್ಟಿಗಳನ್ನು ಹೊಂದಿಸಿಕೊಳ್ಳಬೇಕು. ತಿಂಡಿ ಹೋಟೆಲುಗಳ ಒಲೆ ಬೆಳಗ್ಗೆ ಬೇಗ ಹೊತ್ತುತ್ತದೆ. ಅವುಗಳ ಅತ್ಯುತ್ತಮ ಹೊತ್ತು ಬೆಳಗಿನ ಏಳರಿಂದ ಹತ್ತು. ಚಿತ್ರಶಾಲೆಗಳ ಬಾಗಿಲು ತೆರೆಯುವುದು ಹತ್ತರ ನಂತರ. ನಾಟಕ, ಕಚೇರಿಗಳು ಸಂಜೆಯವು. ಹೀಗಾಗಿ ಬೆಳಗ್ಗೆ ತಿಂಡಿ ಮುಗಿಸಿ ಚಿತ್ರ ನೋಡುವುದು, ಸಂಜೆ ನಾಲ್ಕರಿಂದ ಆರರ ನಡುವೆ ಲಘುವಾಗಿ ಏನಾದರೂ ತಿಂದು ನಾಟಕಕ್ಕೆ ಹೋಗುವುದು ಒಗ್ಗುವ ಕ್ರಮ. ಹೊಟ್ಟೆ ಬಿರಿಯುವಂತೆ ಉಂಡವರಿಗೆ ಕತ್ತಲ ಸಭಾಂಗಣದಲ್ಲಿ ನಿದ್ದೆ ಬರುತ್ತದೆ. ಹಸಿದು ಕೂತವರ ಮನಸ್ಸು ಎರಡನೆಯ ಅಂಕದ ಹೊತ್ತಿಗೆ ರಂಗದ ಮೇಲೆ ನಿಲ್ಲುವುದಿಲ್ಲ.

ವಾರದ ರಜೆಯನ್ನೂ ನೆನಪಿಡಬೇಕು. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೋಟೆಲ್ ಮೂರಕ್ಕೂ ಸೋಮವಾರ ಬಿಡುವು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ಶುಕ್ರವಾರ ರಜೆ. ಉಳಿದ ದಿನಗಳಲ್ಲೂ ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕಿರುತ್ತದೆ. ಸೋಮವಾರ ಬಿಟ್ಟು, ವಾರದ ನಡುವಿನ ಒಂದು ದಿನ ಆರಿಸಿಕೊಂಡರೆ ಸಾಲೂ ಕಡಿಮೆ, ಚಿತ್ರದ ಮುಂದೆ ನಿಲ್ಲಲು ಬಿಡುವೂ ಹೆಚ್ಚು.

ಬಸವನಗುಡಿ: ದೋಸೆಯ ಪಾಠ

ಆರಂಭಕ್ಕೆ ಬಸವನಗುಡಿಗಿಂತ ಒಳ್ಳೆಯ ಜಾಗವಿಲ್ಲ. ಡಿ.ವಿ.ಜಿ. ಮತ್ತು ಮಾಸ್ತಿ ಈ ಭಾಗದಲ್ಲೇ ಬಾಳಿದವರು. ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ, ಅದೇ ವರ್ಷ ಶುರುವಾದ ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕೂಡ ಉಪನ್ಯಾಸ, ಸಂಗೀತ, ಕಲಾ ಕಾರ್ಯಕ್ರಮಗಳಿಗೆ ಹೆಸರಾದವು. ಕೆ.ಎಸ್. ನಿಸಾರ್ ಅಹಮದ್ 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ‘ಮನಸು ಗಾಂಧಿ ಬಜಾರು’ ಎಂದು ಹೆಸರಿಟ್ಟರು. ಬಸವನಗುಡಿಯ ಈ ಗಾಂಧಿ ಬಜಾರು ಬೀದಿ ಕನ್ನಡ ಬರಹಗಾರರ ಬದುಕಿಗೆ ಎಷ್ಟು ಹತ್ತಿರವಾಗಿತ್ತೆಂದು ತಿಳಿಯಲು ಅಷ್ಟೇ ಸಾಕು.

1943ರಲ್ಲಿ ತೆರೆದ ವಿದ್ಯಾರ್ಥಿ ಭವನ ಈ ಬೀದಿಯ ನಡುವೆಯೇ ಇದೆ. ಗೋಡೆಗಳ ಮೇಲೆ ಕನ್ನಡದ ಸಾಹಿತಿಗಳ, ಗಣ್ಯರ ರೇಖಾಚಿತ್ರಗಳಿವೆ. ಹೊಸಬರು ಮೇಜು ಸಿಕ್ಕ ಕೂಡಲೇ ಫೋನಿನತ್ತ ಬಗ್ಗದೆ ಸಪ್ಲೈಯರ್ ಬರುವುದನ್ನು ನೋಡಬೇಕು. ಒಂದರ ಮೇಲೊಂದು ಹತ್ತಾರು ದೋಸೆ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಜೋಡಿಸಿಕೊಂಡು, ಇಕ್ಕಟ್ಟಾದ ಮೇಜುಗಳ ಸಂದಿಯಲ್ಲಿ ಬರುತ್ತಾರೆ. ಕೇಳಿದವರ ಮುಂದೆ ಕೇಳಿದ್ದನ್ನೇ ಇಳಿಸುತ್ತಾರೆ. ವರ್ಷಗಳ ಅಭ್ಯಾಸದಿಂದ ಬಂದ ಸಮತೋಲ ಅದು. ಹಿಂದೆಯೇ ಚಟ್ನಿ ಬರುತ್ತದೆ. ತೆಳ್ಳಗಿನ ಕಾಯಿಚಟ್ನಿಯನ್ನು ಧಾರಾಳವಾಗಿ ಬಡಿಸುತ್ತಾರೆ. ಇಲ್ಲಿ ದೋಸೆಗೆ ಸಾಂಬಾರ್ ಕೊಡುವ ರೂಢಿಯಿಲ್ಲ.

ದೋಸೆಯನ್ನು ಅಳೆಯುವ ಕ್ರಮ ಹೀಗೆ. ಮೊದಲು ಬಣ್ಣ: ಅಂಚಿನಿಂದ ನಡುವಿನವರೆಗೆ ಹೊಂಬಣ್ಣ ಒಂದೇ ಸಮನಾಗಿರಬೇಕು, ಅಲ್ಲಲ್ಲಿ ಕಂದು ಛಾಯೆ ಕಾಣಬೇಕು. ಕಾವಲಿಯ ಬಿಸಿ ಎಲ್ಲ ಕಡೆ ಒಂದೇ ರೀತಿ ಇದ್ದರೆ ಮಾತ್ರ ಇದು ಸಾಧ್ಯ. ಅದಕ್ಕೇ ಪ್ರತಿ ಸುತ್ತಿಗೂ ಮುನ್ನ ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸುತ್ತಾರೆ. ಎರಡನೆಯದು ಕಚ್ಚಿದಾಗಿನ ಅನುಭವ: ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅಕ್ಕಿ, ಉದ್ದು, ಮೆಂತ್ಯದ ಹಿಟ್ಟು ರಾತ್ರಿಯೆಲ್ಲ ಹುದುಗಿ ಒಳಗೆ ಗಾಳಿಗುಳ್ಳೆ ಕಟ್ಟಿಕೊಂಡಿದ್ದರೆ ಈ ಎರಡು ಗುಣಗಳೂ ಒಟ್ಟಿಗೆ ಬರುತ್ತವೆ. ಮೂರನೆಯದು ಹುಳಿ: ನಾಲಿಗೆಯ ಕೊನೆಗೆ ಸಣ್ಣಗೆ ತಿಳಿಯಬೇಕು, ತುಪ್ಪದ ಘಮವನ್ನು ಮುಚ್ಚಬಾರದು. ಕೊನೆಗೆ ಪಲ್ಯ: ಆಲೂಗಡ್ಡೆ, ಈರುಳ್ಳಿ ಒಂದಕ್ಕೊಂದು ಬೆರೆತಿರಬೇಕು, ಮುದ್ದೆಯಾಗಿರಬಾರದು. ಬಿಸಿ ಆರಿದ ದೋಸೆ ಚರ್ಮದಂತೆ ನಾರಾಗುತ್ತದೆ. ಆದ್ದರಿಂದ ತಟ್ಟೆ ಮುಂದೆ ಬಂದ ಕೂಡಲೇ ಕೈಯಿಂದ ಮುರಿದು ತಿನ್ನಬೇಕು.

ಪಕ್ಕದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಎಂಬ ನಾಲ್ಕೇ ತಿಂಡಿಗಳಿಂದ ಹೆಸರು ಗಳಿಸಿದೆ. ಜೊತೆಗೆ ಚಟ್ನಿ ಮಾತ್ರ. ಜನ ರಸ್ತೆ ಬದಿಯಲ್ಲಿ ತಟ್ಟೆ ಹಿಡಿದು ನಿಂತೇ ತಿನ್ನುತ್ತಾರೆ. ಕೆಲವೇ ಪದಾರ್ಥಗಳನ್ನು ದಿನವೂ ಒಂದೇ ಹದದಲ್ಲಿ ಮಾಡುವುದು ಎಂಥ ಶಿಸ್ತು ಎನ್ನುವುದು ಇಲ್ಲಿ ಮನದಟ್ಟಾಗುತ್ತದೆ.

ಜೆ.ಸಿ. ರಸ್ತೆ: ನಾಟಕದ ಮೊದಲು, ನಾಟಕದ ನಂತರ

ಟ್ಯಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ಉದ್ಘಾಟನೆಯಾಯಿತು. 1972ರಲ್ಲಿ ಬಿ.ವಿ. ಕಾರಂತರು ಇದರ ಹಿಂಬದಿಯ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಆಡಿಸಿದ್ದು ಕನ್ನಡ ರಂಗಭೂಮಿಯ ದಿಕ್ಕು ಬದಲಿಸಿದ ಘಟನೆ. ಅಲ್ಲೀಗ ಸಂಸ ಬಯಲು ರಂಗಮಂದಿರವಿದೆ. ನಾಟಕ ಶುರುವಾಗುವ ಮುನ್ನ ಕಲಾಕ್ಷೇತ್ರದ ಆವರಣದಲ್ಲಿ ಟೀ ಹಿಡಿದು ನಿಂತರೆ ನಟರು, ಬೆಳಕಿನವರು, ಹವ್ಯಾಸಿ ತಂಡದ ಹುಡುಗರು ಆಡುವ ಮಾತು ಕಿವಿಗೆ ಬೀಳುತ್ತದೆ. ಹೊಸ ಪ್ರೇಕ್ಷಕರಿಗೆ ಅದೇ ಒಂದು ಪೀಠಿಕೆ.

ಬೆಳಗ್ಗೆ ಈ ಕಡೆ ಬಂದವರಿಗೆ ಎಂ.ಟಿ.ಆರ್. ಹತ್ತಿರ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಹೋಟೆಲಿದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ಇಲ್ಲಿಯೇ ಎಂಬುದು ಹೋಟೆಲಿನ ಪರಂಪರೆಯ ಮಾತು. ರವೆ ಇಡ್ಲಿಯಲ್ಲಿ ನೋಡಬೇಕಾದದ್ದು ಒಗ್ಗರಣೆಯ ಸಾಸಿವೆ, ಕರಿಬೇವು, ಗೋಡಂಬಿ ಹಿಟ್ಟಿನಲ್ಲಿ ಹೇಗೆ ಹರಡಿವೆ ಎಂಬುದನ್ನು. ಮುರಿದಾಗ ರವೆ ಹರಳು ಹರಳಾಗಿ ಬಿಡಿಸಿಕೊಳ್ಳಬೇಕು. ಮೇಲೆ ತುಪ್ಪ, ಪಕ್ಕದಲ್ಲಿ ಆಲೂಗಡ್ಡೆ ಸಾಗು.

ಸಂಜೆಯ ನಾಟಕ ಮುಗಿಸಿ ಹಸಿದವರು ಸಜ್ಜನ್‌ರಾವ್ ವೃತ್ತದ ಬಳಿಯ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗಬಹುದು. ಸಂಜೆಯ ನಂತರ ಇಲ್ಲಿ ಒಂದೊಂದು ಅಂಗಡಿಯ ಮುಂದೆಯೂ ಒಂದೊಂದು ಕಾವಲಿ. ಎಲ್ಲವನ್ನೂ ರುಚಿ ನೋಡಬೇಕೆಂದಿದ್ದರೆ ಇಬ್ಬರು ಮೂವರು ಸೇರಿ ಒಂದೊಂದೇ ತಟ್ಟೆ ಹಂಚಿಕೊಳ್ಳುವುದು ಜಾಣತನ. ಅವರೆಕಾಯಿ ಕಾಲವಾದ ಡಿಸೆಂಬರ್, ಜನವರಿಯಲ್ಲಿ ಅವರೆಬೇಳೆಯ ತಿಂಡಿಗಳನ್ನು ಬಿಡಬಾರದು.

ಕುಮಾರಕೃಪ ರಸ್ತೆ ಮತ್ತು ಅರಮನೆ ರಸ್ತೆ

1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಎಂ.ಎಸ್. ನಂಜುಂಡರಾಯರ ಶ್ರಮದಿಂದ ಬೆಳೆಯಿತು. ಮೈಸೂರು ಸಾಂಪ್ರದಾಯಿಕ ಚಿತ್ರಗಳು, ತೊಗಲುಗೊಂಬೆಗಳು, ರೋರಿಕ್ ಅವರ ಹಿಮಾಲಯದ ಚಿತ್ರಗಳು ಇಲ್ಲಿನ ಮುಖ್ಯ ಸಂಗ್ರಹ. 2003ರಿಂದ ನಡೆದುಬಂದಿರುವ ಚಿತ್ರಸಂತೆಯಂದು ಕುಮಾರಕೃಪ ರಸ್ತೆಯೇ ಚಿತ್ರಶಾಲೆಯಾಗುತ್ತದೆ. ಜನವರಿಯ ಆ ಭಾನುವಾರ ಬೆಳಗಿನ ತಿಂಡಿಯನ್ನು ಮಲ್ಲೇಶ್ವರದಲ್ಲಿ ಮುಗಿಸಿ, ಒಂಬತ್ತು ಗಂಟೆಯ ಒಳಗೆ ಸಂತೆಗೆ ಬಂದರೆ ಕಲಾವಿದರ ಜೊತೆ ಮಾತಾಡಲು ಅವಕಾಶ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ನೀರಿನ ಬಾಟಲಿ ಕೈಯಲ್ಲಿರಲಿ. ಎಣ್ಣೆ ಮೆತ್ತಿದ ಬೆರಳಲ್ಲಿ ಚಿತ್ರದ ಬಳಿ ಹೋಗಲೇಬಾರದು.

2009ರಲ್ಲಿ ಮಾಣಿಕ್ಯವೇಲು ಭವನದಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ದೊಡ್ಡ ಮರಗಳ ಆವರಣವಿದೆ. ಹತ್ತು ಹನ್ನೆರಡು ಚಿತ್ರಗಳನ್ನು ನಿಧಾನವಾಗಿ ನೋಡಿ, ಹೊರಗೆ ಬಂದು ಆವರಣದ ಕೆಫೆಯಲ್ಲಿ ಏನಾದರೂ ಕುಡಿದು, ಮತ್ತೆ ಒಳಗೆ ಹೋಗುವುದು ಇಲ್ಲಿ ಒಪ್ಪುವ ಕ್ರಮ. ಕಣ್ಣು ಒಂದು ಗಂಟೆಯ ನಂತರ ದಣಿಯುತ್ತದೆ. ದಣಿದ ಕಣ್ಣಿಗೆ ಬಣ್ಣಗಳ ಸೂಕ್ಷ್ಮ ದಕ್ಕದು.

ಕಸ್ತೂರಬಾ ರಸ್ತೆಯಿಂದ ಚರ್ಚ್ ಸ್ಟ್ರೀಟ್‌ವರೆಗೆ

ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕಕ್ಕೆ, ಅಬನೀಂದ್ರನಾಥ ಟ್ಯಾಗೋರರ ಶಿಷ್ಯರೂ ವೈಣಿಕರೂ ಆಗಿದ್ದ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯಿದೆ. ಅದೇ ರಸ್ತೆಯಲ್ಲಿ 2023ರಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಬಾಗಿಲು ತೆರೆಯಿತು. ಇಲ್ಲಿಂದ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲಿಗೆ ನಡೆದೇ ಹೋಗಬಹುದು. ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಎಷ್ಟು ಹೊತ್ತಾದರೂ ಹರಟುವ ಪದ್ಧತಿ ಅಲ್ಲಿಯದು. ಕಾರಿನಲ್ಲೇ ಕೂತು ತಿಂಡಿ ತರಿಸಿಕೊಳ್ಳುವವರೂ ಇದ್ದಾರೆ.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ದಂಡಿನ ಬೆಂಗಳೂರಿನ ಊಟದ ಮನೆ. ಬೇಕರಿಯಾಗಿ ಶುರುವಾದ ಇದು ಪತ್ರಕರ್ತರು, ರಂಗಕರ್ಮಿಗಳು, ಚಿತ್ರಕಾರರು ದಶಕಗಳಿಂದ ಸೇರುವ ಜಾಗ. ಮಾಂಸಾಹಾರ, ಮೀನು, ಬಿಯರ್ ಎಲ್ಲವೂ ಸಿಗುತ್ತವೆ. ಒಂದು ಕಾಫಿ ತರಿಸಿಕೊಂಡು ಮಧ್ಯಾಹ್ನ ಕಳೆಯುವವರಿಗೂ ಇಲ್ಲಿ ಜಾಗವುಂಟು. ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್ 2009ರವರೆಗೆ ಮಹಾತ್ಮ ಗಾಂಧಿ ರಸ್ತೆಯಲ್ಲಿತ್ತು. ಕಾಫಿ ಹೌಸುಗಳ ಕೆಲಸಗಾರರು 1957ರಲ್ಲಿ ಬೆಂಗಳೂರಿನಲ್ಲೇ ತಮ್ಮ ಮೊದಲ ಸಹಕಾರ ಸಂಘ ಕಟ್ಟಿಕೊಂಡರು; ಆ ಚರಿತ್ರೆ ಬಲ್ಲವರಿಗೆ ಇಲ್ಲಿನ ಬಿಳಿ ಸಮವಸ್ತ್ರ, ರುಮಾಲುಗಳು ಬೇರೆಯದೇ ಗೌರವದಿಂದ ಕಾಣುತ್ತವೆ. ಸುತ್ತಲಿನ ಪುಸ್ತಕದಂಗಡಿಗಳಲ್ಲಿ ಕೊಂಡ ಪುಸ್ತಕವನ್ನು ಬಿಡಿಸಿ ಕೂರಲು ಇದಕ್ಕಿಂತ ಹಿತವಾದ ಮೇಜಿಲ್ಲ.

ಮಲ್ಲೇಶ್ವರ ಮತ್ತು ಜೆ.ಪಿ. ನಗರ

ಪಿಟೀಲು ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಮಲ್ಲೇಶ್ವರದ ಮಗ್ಗುಲಿಗಿದೆ. ಸಂಗೀತ ಕೇಳಲು ಬಂದವರಿಗೆ ಮಾರ್ಗೋಸಾ ರಸ್ತೆಯ ಎರಡು ನೆಲೆಗಳು ಮುಖ್ಯ: ಏಳನೇ ಅಡ್ಡರಸ್ತೆಯ ಸಿ.ಟಿ.ಆರ್.ನ ಬೆಣ್ಣೆ ಮಸಾಲೆ ದೋಸೆ, ಹದಿನೈದನೇ ಅಡ್ಡರಸ್ತೆಯ ಬಳಿಯ ವೀಣಾ ಸ್ಟೋರ್ಸ್‌ನ ಇಡ್ಲಿ. ವಿದ್ಯಾರ್ಥಿ ಭವನದ ದೋಸೆಯನ್ನೂ ಸಿ.ಟಿ.ಆರ್. ದೋಸೆಯನ್ನೂ ಬೇರೆ ಬೇರೆ ದಿನ ತಿಂದು ಹೋಲಿಸಿ ನೋಡುವುದು ರುಚಿಯ ಅಭ್ಯಾಸಕ್ಕೆ ಒಳ್ಳೆಯ ಪಾಠ. ಒಂದೇ ರಾಗವನ್ನು ಇಬ್ಬರು ವಿದ್ವಾಂಸರಿಂದ ಕೇಳುವವರು ಕಿವಿ ಪಳಗಿಸಿಕೊಳ್ಳುವುದೂ ಹೀಗೆಯೇ.

ಜೆ.ಪಿ. ನಗರದ ರಂಗಶಂಕರ 2004ರಲ್ಲಿ, ಶಂಕರ್‌ನಾಗ್ ನೆನಪಿನಲ್ಲಿ, ಅರುಂಧತಿ ನಾಗ್ ಅವರ ದೀರ್ಘ ಪ್ರಯತ್ನದಿಂದ ರೂಪುಗೊಂಡಿತು. ಹೊತ್ತಿಗೆ ಸರಿಯಾಗಿ ನಾಟಕ ಶುರುವಾಗುತ್ತದೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಹಾಗಾಗಿ ಇಲ್ಲಿಗೆ ಒಂದು ಗಂಟೆ ಮೊದಲೇ ಬಂದು ಕೆಳಗಿನ ಕೆಫೆಯಲ್ಲಿ ಅಕ್ಕಿರೊಟ್ಟಿಯನ್ನೋ ಸಾಬುದಾನ ವಡೆಯನ್ನೋ ತಿನ್ನುವುದು ರೂಢಿಯಾಗಿದೆ. ನಾಟಕ ಮುಗಿದ ಮೇಲೂ ಅಲ್ಲೇ ನಿಂತರೆ ಆಗತಾನೇ ಬಣ್ಣ ಒರೆಸಿಕೊಂಡು ಬಂದ ನಟರ ಜೊತೆ ಮಾತಾಡಬಹುದು.

ಕಾಫಿ ಮತ್ತು ದರ್ಶಿನಿಯ ನಡವಳಿಕೆ

ಎಲ್ಲ ಬಡಾವಣೆಗಳನ್ನೂ ಜೋಡಿಸುವುದು ಫಿಲ್ಟರ್ ಕಾಫಿ. ಒಳ್ಳೆಯ ಕಾಫಿಯಲ್ಲಿ ಡಿಕಾಕ್ಷನ್ ಹೊಸದಾಗಿರಬೇಕು, ಹಾಲು ಆಗತಾನೇ ಕಾದಿರಬೇಕು. ಚಿಕೋರಿ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಅತಿಯಾದರೆ ಬೀಜದ ಪರಿಮಳ ಮರೆಯಾಗಿ ಬರಿಯ ಕಹಿ ಉಳಿಯುತ್ತದೆ. ಮೊದಲ ಗುಟುಕಿಗೆ ಮುನ್ನ ಘಮ ಹೀರಿ, ಸಕ್ಕರೆ ಬೇಕೇ ಬೇಡವೇ ಎಂಬುದನ್ನು ಎರಡನೆಯ ಗುಟುಕಿನ ನಂತರ ತೀರ್ಮಾನಿಸಿದರೆ ಕಾಫಿಯ ನಿಜಗುಣ ತಿಳಿಯುತ್ತದೆ. ದಿನವಿಡೀ ಸುತ್ತುವವರಿಗೆ ‘ಬೈ ಟು’ ವರದಾನ: ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿ ಕೊಡುತ್ತಾರೆ. ಇಬ್ಬರೂ ಹೆಚ್ಚು ಕುಡಿಯದೆ ಹೆಚ್ಚು ಕಡೆ ರುಚಿ ನೋಡಬಹುದು.

1980ರ ದಶಕದಲ್ಲಿ ಶುರುವಾದ ದರ್ಶಿನಿಗಳಲ್ಲಿ ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು, ಅದನ್ನು ಅಡುಗೆಯವರ ಮುಂದಿಡಬೇಕು, ತಟ್ಟೆ ಹಿಡಿದು ನಿಂತೇ ತಿನ್ನಬೇಕು. ಇಡ್ಲಿಗೆ ಸಾಂಬಾರ್ ಬೇರೆ ಬೇಕೋ, ಅದರಲ್ಲೇ ಮುಳುಗಿಸಬೇಕೋ ಎಂದು ಮುಂಚೆಯೇ ಹೇಳಬೇಕು. ಖಾರಾಬಾತ್, ಕೇಸರಿಬಾತ್ ಎರಡೂ ಬೇಕಾದರೆ ಚೌಚೌಬಾತ್ ಎಂದರೆ ಸಾಕು. ಮೇಜು ಹಂಚಿಕೊಳ್ಳುವುದು, ತಿಂದಾದ ಮೇಲೆ ಕಾಯುವವರಿಗೆ ಜಾಗ ಬಿಡುವುದು, ತಟ್ಟೆಯನ್ನು ತೊಟ್ಟಿಗೆ ಹಾಕುವುದು ಇಲ್ಲಿನ ಮರ್ಯಾದೆ.

ಮೊದಲ ಸಲ ಹೊರಡುವವರು ಒಂದು ದಿನಕ್ಕೆ ಒಂದೇ ಬಡಾವಣೆ, ಒಂದೇ ಪ್ರದರ್ಶನ, ಎರಡು ಹೋಟೆಲ್ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ನೋಡಿದ ಚಿತ್ರದ ಹೆಸರಿನ ಜೊತೆ ತಿಂದ ತಿಂಡಿಯ ಬಣ್ಣ, ಹದ, ಹುಳಿಯನ್ನೂ ಎರಡು ಸಾಲು ಬರೆದಿಟ್ಟರೆ ಹೋಲಿಕೆಗೆ ಆಧಾರ ಸಿಗುತ್ತದೆ. ಅದೇ ಹೋಟೆಲಿಗೆ, ಅದೇ ಚಿತ್ರಶಾಲೆಗೆ ಮತ್ತೆ ಮತ್ತೆ ಹೋದವರಿಗೆ ಮೊದಲ ಭೇಟಿಯಲ್ಲಿ ಸಿಗದ ಸೂಕ್ಷ್ಮಗಳು ದಕ್ಕುತ್ತವೆ. ಅಭಿರುಚಿ ಬೆಳೆಯುವ ದಾರಿ ಅದೊಂದೇ.