ದಿನಕ್ಕೆ 25 ಗ್ರಾಂ: ಸೋಯಾ ಪ್ರಮಾಣದ ಒಂದು ವಿಮರ್ಶೆ

1999ರ ಅಕ್ಟೋಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆಹಾರದ ಪೊಟ್ಟಣಗಳ ಮೇಲೆ ಒಂದು ಹೊಸ ಒಕ್ಕಣೆಯನ್ನು ಮುದ್ರಿಸಲು ಅನುಮತಿ ನೀಡಿತು. ಸಂತೃಪ್ತ ಕೊಬ್ಬು ಮತ್ತು ಕೊಲೆಸ್ಟರಾಲ್ ಕಡಿಮೆಯಿರುವ ಊಟದ ಭಾಗವಾಗಿ ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಸೇವಿಸಿದರೆ ಹೃದ್ರೋಗದ ಅಪಾಯ ತಗ್ಗಬಹುದು ಎಂಬುದು ಆ ಒಕ್ಕಣೆಯ ಸಾರ. ಒಂದು ಪಾಲಿನಲ್ಲಿ 6.25 ಗ್ರಾಂ, ಅಂದರೆ ಹೇಳಿದ ಪ್ರಮಾಣದ ಕಾಲುಭಾಗ, ಇದ್ದು, ಉಳಿದ ಷರತ್ತುಗಳನ್ನೂ ಪೂರೈಸುವ ಪದಾರ್ಥಗಳು ಈ ಮಾತನ್ನು ಹೊತ್ತು ಮಾರುಕಟ್ಟೆಗೆ ಬರಬಹುದಾಯಿತು. ಆ ಮೇಲೆ ಈ ಸಂಖ್ಯೆ ತನ್ನ ಷರತ್ತುಗಳನ್ನೆಲ್ಲ ಕಳಚಿಕೊಂಡು, ಆಹಾರ ಸಲಹೆಯ ಪುಸ್ತಕಗಳಲ್ಲಿಯೂ ಪ್ರೋಟೀನ್ ಪುಡಿಯ ಜಾಹೀರಾತುಗಳಲ್ಲಿಯೂ ಆರೋಗ್ಯವಂತನೊಬ್ಬ ತಿನ್ನಲೇಬೇಕಾದ ಸೋಯಾದ ಅಳತೆಯೆಂಬಂತೆ ನೆಲೆಯೂರಿತು. ಈ ಅಳತೆ ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ನಿಲ್ಲುತ್ತದೆ, ಬೇಳೆಕಾಳು ತಿಂದೇ ಬೆಳೆದ ಕನ್ನಡ ನಾಡಿನ ಊಟಕ್ಕೆ ಅದು ಒಪ್ಪುತ್ತದೆಯೇ ಎಂಬುದನ್ನು ಒರೆಗೆ ಹಚ್ಚಿ ನೋಡುವುದು ಅಗತ್ಯ.

ಈ ಅನುಮತಿಯ ಹಿಂದಿದ್ದ ಮುಖ್ಯ ಆಧಾರಗಳಲ್ಲಿ 1995ರಲ್ಲಿ ಜೇಮ್ಸ್ ಆಂಡರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಸಮಗ್ರ ವಿಶ್ಲೇಷಣೆಯೂ ಒಂದು. ಬೇರೆಬೇರೆ ಕಡೆ ನಡೆದ 38 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ಸೇರಿಸಿ ಅಳೆದ ಅವರು, ಪ್ರಾಣಿಜನ್ಯ ಪ್ರೋಟೀನಿನ ಬದಲು ಸೋಯಾ ಪ್ರೋಟೀನ್ ತಿಂದವರಲ್ಲಿ ಎಲ್‌ಡಿಎಲ್, ಅಂದರೆ ರಕ್ತನಾಳದ ಗೋಡೆಗೆ ಜಿಡ್ಡು ಕಟ್ಟಿಸುವ ಕೊಲೆಸ್ಟರಾಲ್, ಸುಮಾರು 13 ಪ್ರತಿಶತ ಇಳಿಯಿತೆಂದು ಕಂಡುಕೊಂಡರು. ಆದರೆ ಆ ಪ್ರಯೋಗಗಳಲ್ಲಿ ಪಾಲ್ಗೊಂಡವರು ದಿನಕ್ಕೆ ಸರಾಸರಿ 47 ಗ್ರಾಂ ಸೋಯಾ ಪ್ರೋಟೀನ್ ತಿಂದಿದ್ದರು, ಮತ್ತು ಹೆಚ್ಚಿನ ಇಳಿಕೆ ಕಂಡದ್ದು ಮೊದಲೇ ಕೊಲೆಸ್ಟರಾಲ್ ಬಹಳ ಏರಿದ್ದವರಲ್ಲಿ. 2006ರಲ್ಲಿ ಅಮೆರಿಕದ ಹೃದ್ರೋಗ ಸಂಘವು ಮುಂದೆ ನಡೆದ, ಹೆಚ್ಚು ಬಿಗಿಯಾದ ಪ್ರಯೋಗಗಳನ್ನು ಪರಿಶೀಲಿಸಿದಾಗ, ದಿನಕ್ಕೆ ಸುಮಾರು 50 ಗ್ರಾಂ ತಿಂದರೂ ಎಲ್‌ಡಿಎಲ್ ಇಳಿಯುವುದು ಕೇವಲ 3 ಪ್ರತಿಶತದ ಆಸುಪಾಸು ಎಂದು ತಿಳಿದುಬಂತು. 2017ರಲ್ಲಿ, ಸಾಕ್ಷ್ಯಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲವೆಂದು, ಅನುಮತಿ ಕೊಟ್ಟ ಆಡಳಿತವೇ ಅದನ್ನು ಹಿಂತೆಗೆದುಕೊಳ್ಳುವ ಪ್ರಸ್ತಾವ ಮುಂದಿಟ್ಟಿತು. ಪರಿಣಾಮ ಇಲ್ಲವೇ ಇಲ್ಲವೆಂದು ಇದರ ಅರ್ಥವಲ್ಲ; 2019ರಲ್ಲಿ ನಡೆದ ಮರುಲೆಕ್ಕವೂ 3 ಪ್ರತಿಶತದಷ್ಟು ಇಳಿಕೆಯನ್ನು ಒಪ್ಪಿಕೊಂಡಿತು. ಇದು ಚಿಕ್ಕದಾದರೂ ನಿಜವಾದ ಲಾಭ. ಆದರೆ ಇಷ್ಟು ಚಿಕ್ಕ ಲಾಭಕ್ಕಾಗಿ ಇಡೀ ಊಟವನ್ನು ಒಂದು ಕಾಳಿನ ಸುತ್ತ ಕಟ್ಟಿಕೊಳ್ಳಬೇಕೆನ್ನುವುದು ಅಳತೆ ಮೀರಿದ ಮಾತು.

25 ಗ್ರಾಂ ಸೋಯಾ ಪ್ರೋಟೀನ್ ಎಂದರೆ ತಟ್ಟೆಯಲ್ಲಿ ಎಷ್ಟಾಗುತ್ತದೆ ಎಂಬುದನ್ನು ಸಲಹೆ ಕೊಡುವವರು ವಿವರಿಸುವುದು ಅಪರೂಪ. ಒಣ ಸೋಯಾ ಕಾಳಿನಲ್ಲಿ 100 ಗ್ರಾಂಗೆ 36ರಿಂದ 40 ಗ್ರಾಂ ಪ್ರೋಟೀನ್ ಇರುವುದರಿಂದ, ಆ ಪ್ರಮಾಣಕ್ಕೆ 63ರಿಂದ 69 ಗ್ರಾಂ ಒಣ ಕಾಳು ಬೇಕು. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಯಂತ್ರದಲ್ಲಿ ಒತ್ತಿ ಉಬ್ಬಿಸಿದ, ಅಂಗಡಿಗಳಲ್ಲಿ ಸೋಯಾ ಚಂಕ್ಸ್ ಅಥವಾ ಮೀಲ್ ಮೇಕರ್ ಎಂದು ಕೇಳಿ ಪಡೆಯುವ ಉಂಡೆಗಳಾದರೆ 50 ಗ್ರಾಂ. ಸೋಯಾ ಹಾಲಾದರೆ ಮುಕ್ಕಾಲು ಲೀಟರಿಗೂ ಹೆಚ್ಚು. ಸೋಯಾ ಸೇವನೆಗೆ ಮಾದರಿಯೆಂದು ಎಲ್ಲರೂ ಬೆರಳು ತೋರುವ ಜಪಾನಿನಲ್ಲಿ ಹಿರಿಯರು ತೋಫು, ಮಿಸೊ, ನಾಟ್ಟೊಗಳ ರೂಪದಲ್ಲಿ ದಿನವಿಡೀ ತಿನ್ನುವ ಸೋಯಾ ಪ್ರೋಟೀನ್ ಸುಮಾರು 8ರಿಂದ 10 ಗ್ರಾಂ ಮಾತ್ರ. ಮಾದರಿ ಸಮಾಜದವರು ತಿನ್ನುವುದಕ್ಕಿಂತ ಎರಡೂವರೆ ಪಟ್ಟು ಹೆಚ್ಚನ್ನು ಅವರ ಹೆಸರಿನಲ್ಲೇ ಇತರರಿಗೆ ವಿಧಿಸುವುದು ಈ ಸಲಹೆಯ ದೊಡ್ಡ ದೋಷ.

ಸೋಯಾವನ್ನು ಕುರಿತ ಭಯಕ್ಕೂ ಅಭಿಮಾನಕ್ಕೂ ಕಾರಣವಾಗಿರುವುದು ಅದರಲ್ಲಿರುವ ಐಸೋಫ್ಲೇವೋನ್ ಎಂಬ ಸಸ್ಯಜನ್ಯ ಸಂಯುಕ್ತಗಳು. ಜೆನಿಸ್ಟೀನ್, ಡೈಡ್ಜೀನ್ ಇವುಗಳಲ್ಲಿ ಮುಖ್ಯವಾದವು. ಇವುಗಳ ರಚನೆ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಹೋಲುವುದರಿಂದ, ಜೀವಕೋಶದಲ್ಲಿ ಆ ಹಾರ್ಮೋನು ಕೂರುವ ಗ್ರಾಹಕಗಳ ಮೇಲೆ ಇವೂ ಕೂರಬಲ್ಲವು; ಆದರೆ ಇವುಗಳ ಬಲ ತೀರ ಕಡಿಮೆ, ಕೂರುವ ಗ್ರಾಹಕದ ಬಗೆಯೂ ಬಹುಮಟ್ಟಿಗೆ ಬೇರೆ. ಈ ವ್ಯತ್ಯಾಸವನ್ನು ಗಮನಿಸದೆ, ಸೋಯಾ ತಿಂದ ಗಂಡಸರಲ್ಲಿ ಪುರುಷತ್ವ ಕುಂದುತ್ತದೆ, ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಮಾತುಗಳು ಹಬ್ಬಿದವು. ಮೊದಲನೆಯದಕ್ಕೆ ಆಸರೆಯಾಗಿ ಉದಾಹರಿಸುವುದು 2008ರಲ್ಲಿ ವರದಿಯಾದ 60 ವರ್ಷದ ವ್ಯಕ್ತಿಯೊಬ್ಬರ ಪ್ರಕರಣವನ್ನು. ಅವರಿಗೆ ಸ್ತನ ಊದಿಕೊಂಡದ್ದು ನಿಜ, ಆದರೆ ಅವರು ದಿನಕ್ಕೆ ಮೂರು ಲೀಟರಿಗೆ ಸಮೀಪದಷ್ಟು ಸೋಯಾ ಹಾಲು ಕುಡಿಯುತ್ತಿದ್ದರು, ಬಿಟ್ಟ ಮೇಲೆ ಹಾರ್ಮೋನಿನ ಮಟ್ಟ ಸಹಜ ಸ್ಥಿತಿಗೆ ಮರಳಿತು. ವಾಡಿಕೆಯ ಪ್ರಮಾಣದಲ್ಲಿ ಪುರುಷ ಹಾರ್ಮೋನು ಏರುಪೇರಾಗುವುದಿಲ್ಲವೆಂದು 2010 ಮತ್ತು 2021ರ ಸಮಗ್ರ ವಿಶ್ಲೇಷಣೆಗಳೆರಡೂ ಹೇಳಿವೆ. ಕ್ಯಾನ್ಸರಿನ ವಿಷಯದಲ್ಲಿ, ಚೀನಾದ ಶಾಂಘೈನಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 5,042 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವು, ಸೋಯಾ ಆಹಾರ ಹೆಚ್ಚು ತಿಂದವರಲ್ಲಿ ಕಾಯಿಲೆ ಮರುಕಳಿಸುವುದೂ ಸಾವೂ ಕಡಿಮೆಯೆಂದು ತೋರಿಸಿತು; ದಿನಕ್ಕೆ ಸುಮಾರು 11 ಗ್ರಾಂ ಪ್ರೋಟೀನಿನ ತನಕ ಈ ಸಂಬಂಧ ಗಟ್ಟಿಯಾಗುತ್ತ ಹೋಯಿತು, ಅದರಾಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಜಪಾನಿನ ಹಿರಿಯರ ವಾಡಿಕೆಯ ಪ್ರಮಾಣಕ್ಕೆ ಇದು ಎಷ್ಟು ಹತ್ತಿರವಿದೆ ಎಂಬುದು ಗಮನಾರ್ಹ. ಇಂತಹ ವೀಕ್ಷಣಾ ಅಧ್ಯಯನಗಳು ಕಾರಣವನ್ನು ಸಾಧಿಸಿ ತೋರಿಸಲಾರವು. ಆದರೂ ಭಯಕ್ಕೆ ಇವುಗಳಲ್ಲಿ ಆಧಾರ ಸಿಗುವುದಿಲ್ಲ ಎನ್ನಲು ಇಷ್ಟು ಸಾಕು.

ಭಯ ಹುಸಿಯೆಂದ ಮಾತ್ರಕ್ಕೆ ಮಿತಿಯೇ ಬೇಡವೆಂದಲ್ಲ. ಜಪಾನಿನ ಆಹಾರ ಸುರಕ್ಷತಾ ಆಯೋಗವು 2006ರಲ್ಲಿ, ಊಟ ಮತ್ತು ಪೂರಕ ಮಾತ್ರೆಗಳು ಎರಡೂ ಸೇರಿ ಐಸೋಫ್ಲೇವೋನ್ ದಿನಕ್ಕೆ 70ರಿಂದ 75 ಮಿಲಿಗ್ರಾಂ ದಾಟದಿರಲಿ, ಅದರಲ್ಲಿ ಮಾತ್ರೆ, ಪುಡಿಗಳ ಪಾಲು 30 ಮಿಲಿಗ್ರಾಂ ಮೀರದಿರಲಿ ಎಂದು ಸೂಚಿಸಿತು. ಇದು ದೀರ್ಘಕಾಲದ ದಿನನಿತ್ಯದ ಸರಾಸರಿಗೆ ಹಾಕಿದ ಎಚ್ಚರಿಕೆಯ ಗೆರೆಯೇ ಹೊರತು, ಒಂದು ದಿನ ದಾಟಿದರೆ ಕೇಡಾಗುವ ವಿಷದ ಮಿತಿಯಲ್ಲ. ಸಾಂಪ್ರದಾಯಿಕ ಸೋಯಾ ಆಹಾರದಲ್ಲಿ ಪ್ರತಿ ಗ್ರಾಂ ಪ್ರೋಟೀನಿನೊಂದಿಗೆ ಸುಮಾರು 3.5 ಮಿಲಿಗ್ರಾಂ ಐಸೋಫ್ಲೇವೋನ್ ಇರುತ್ತದೆ. ಆ ಲೆಕ್ಕದಲ್ಲಿ 10 ಗ್ರಾಂ ಪ್ರೋಟೀನಿಗೆ 35, 25 ಗ್ರಾಂಗೆ 87.5 ಮಿಲಿಗ್ರಾಂ ಆಗುತ್ತದೆ. ಶತಮಾನಗಳಿಂದ ಸೋಯಾ ತಿನ್ನುತ್ತ ಬಂದ ದೇಶವೇ ಹಾಕಿಕೊಂಡ ಗೆರೆಯನ್ನು ಅಮೆರಿಕದ ಪೊಟ್ಟಣದ ಮಾತು ದಾಟಿಹೋಗುತ್ತದೆ.

ಥೈರಾಯಿಡ್ ಗ್ರಂಥಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಅಯೋಡಿನ್ ಬೆರೆಸದ ಸೋಯಾ ಪುಡಿಯನ್ನೇ ನೆಚ್ಚಿ ಬೆಳೆದ ಕೆಲವು ಶಿಶುಗಳಲ್ಲಿ 1950ರ ದಶಕದ ಸುಮಾರಿಗೆ ಗಳಗಂಡ ಕಾಣಿಸಿಕೊಂಡಿತ್ತು. ಅಯೋಡಿನ್ ಬೆರೆಸತೊಡಗಿದ ಮೇಲೆ ಆ ತೊಂದರೆ ಬಹುಮಟ್ಟಿಗೆ ನಿಂತಿತು. ಅಯೋಡಿನ್ ಸಾಕಷ್ಟು ಸಿಗುವ ಆರೋಗ್ಯವಂತರಲ್ಲಿ ಸೋಯಾ ಈ ಗ್ರಂಥಿಯನ್ನು ಕೆಡಿಸುವುದಿಲ್ಲ. ಆದರೆ ಥೈರಾಯಿಡ್ ಮಾತ್ರೆ ನುಂಗುವವರಲ್ಲಿ ಸೋಯಾ ಆ ಔಷಧ ಕರುಳಿನಿಂದ ರಕ್ತಕ್ಕೆ ಸೇರುವುದನ್ನು ತಡೆಯಬಲ್ಲದು. ಆದ್ದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಂಡು, ಸೋಯಾ ಪದಾರ್ಥವನ್ನು ನಾಲ್ಕು ಗಂಟೆಯಾದರೂ ಕಳೆದ ಮೇಲೆ ತಿನ್ನುವುದು ಕ್ಷೇಮ. ಸೋಯಾ ಅಲರ್ಜಿ ಇರುವವರು ಇದನ್ನು ಪೂರ್ತಿ ಬಿಡಬೇಕು, ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ತಿನ್ನಬಾರದು. ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲು ಮಾಮೂಲಿ ಸೋಯಾ ಹಾಲು ಕುಡಿಸುವುದಂತೂ ಸಲ್ಲದು.

ಭಾರತಕ್ಕೆ ಸೋಯಾ ಹೊಸದೆಂಬ ಭಾವನೆಯೂ ಪೂರ್ತಿ ಸರಿಯಲ್ಲ. ಕುಮಾವೂನಿನ ಬೆಟ್ಟಗಳಲ್ಲಿ ಭಟ್ ಎಂದು ಕರೆಯುವ ಕಪ್ಪು ಸೋಯಾ, ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯ್‌ಜಾರ್, ಸಿಕ್ಕಿಮಿನ ಕಿನೆಮಾ ಇವೆಲ್ಲ ಬಹುಕಾಲದಿಂದ ಬಂದ ತಿನಿಸುಗಳು. ಇವುಗಳಲ್ಲಿ ಭಟ್ ಬಿಟ್ಟರೆ ಉಳಿದವು ಬೇಯಿಸಿ ಹುಳಿಸಿದ ಕಾಳು. ಇವನ್ನು ಸಾರು, ಪಲ್ಯ, ಚಟ್ನಿಗಳಿಗೆ ರುಚಿಗಾಗಿ ಸ್ವಲ್ಪಸ್ವಲ್ಪ ಬಳಸುತ್ತಾರೆ. 1935ರ ಹೊತ್ತಿಗೆ ಗಾಂಧೀಜಿ ವಾರ್ಧಾದ ಮಗನವಾಡಿಯಲ್ಲಿ ಸೋಯಾವನ್ನು ಊಟದಲ್ಲಿ ಸೇರಿಸಿ ಪ್ರಯೋಗ ಮಾಡಿದ್ದರು. ಇಂದು ಕರ್ನಾಟಕದಲ್ಲಿ ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಸೋಯಾ ಮುಂಗಾರಿನ ಮುಖ್ಯ ಬೆಳೆ. ತುಕ್ಕು ರೋಗ ತಡೆಯುವ ಡಿಎಸ್‌ಬಿ 21 ತಳಿಯನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯವೇ ರೂಪಿಸಿದೆ. ಆದರೂ ಬೆಳೆದ ಕಾಳಿನ ಬಹುಪಾಲು ಎಣ್ಣೆ ಗಿರಣಿಗೆ ಸಾಗಿ, ಹಿಂಡಿ ಪಶುಪಕ್ಷಿಗಳ ಮೇವಾಗುತ್ತದೆ. ಶುದ್ಧೀಕರಿಸಿದ ಸೋಯಾ ಎಣ್ಣೆಯಲ್ಲಿ ಪ್ರೋಟೀನೂ ಇಲ್ಲ, ಐಸೋಫ್ಲೇವೋನೂ ಲೆಕ್ಕಕ್ಕಿಲ್ಲ. ಆ ಎಣ್ಣೆಯಲ್ಲಿ ಅಡುಗೆ ಮಾಡುವವರು ಸೋಯಾ ತಿಂದಂತಾಗುವುದಿಲ್ಲ.

ಕನ್ನಡ ನಾಡಿನ ಊಟದಲ್ಲಿ ಸೋಯಾ ಎಲ್ಲಿ ಸಲ್ಲುತ್ತದೆ ಎಂಬುದನ್ನು ನಿರ್ಧರಿಸಬೇಕಾದದ್ದು ಅದು ಯಾವುದರ ಜಾಗಕ್ಕೆ ಬರುತ್ತದೆ ಎಂಬುದರಿಂದ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಅದು ಪ್ರಾಣಿಜನ್ಯ ಪ್ರೋಟೀನಿನ ಜಾಗ ತುಂಬಿತ್ತು, ಲಾಭದ ಒಂದಂಶ ಅಲ್ಲಿಂದಲೇ ಬಂದಿರಬಹುದು. ತೊಗರಿಬೇಳೆ ಅಥವಾ ಹುರುಳಿಯನ್ನು ತೆಗೆದು ಅಲ್ಲಿ ಸೋಯಾ ಇಟ್ಟರೆ ಹೃದಯಕ್ಕೆ ಹೊಸ ಲಾಭವೇನೂ ಆಗದು. ಆದರೆ ತಟ್ಟೆ ತುಂಬ ಅನ್ನ, ತೆಳು ಸಾರು ಉಣ್ಣುವ ಮನೆಯಲ್ಲಿ ಅನ್ನದ ಒಂದು ಪಾಲನ್ನು ತಗ್ಗಿಸಿ ಸೋಯಾ ಸೇರಿಸಿದರೆ ಊಟದ ಗುಣವೇ ಬದಲಾಗುತ್ತದೆ. ಜೋಳ, ಗೋಧಿ, ಅಕ್ಕಿಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನನ್ನು ಕಟ್ಟುವ ಘಟಕಗಳಲ್ಲೊಂದು, ಕಡಿಮೆ. ಸೋಯಾದಲ್ಲಿ ಅದು ಧಾರಾಳ. ಸೋಯಾದಲ್ಲಿ ಕಡಿಮೆಯಿರುವ ಮಿಥಿಯೋನಿನ್ ಧಾನ್ಯಗಳಲ್ಲಿ ಸಿಗುತ್ತದೆ. ಹೀಗಾಗಿ ಜೋಳದ ರೊಟ್ಟಿಯ ಜೊತೆ ಸೋಯಾ ಪಲ್ಯ ಹೊಂದುವಷ್ಟು ಚೆನ್ನಾಗಿ ಸೋಯಾ ಪ್ರೋಟೀನ್ ಪುಡಿಯೊಂದೇ ಊಟಕ್ಕೆ ಹೊಂದುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು 2000 ಕ್ಯಾಲೊರಿಯ ಊಟದಲ್ಲಿ ಬೇಳೆಕಾಳಿಗೆ, ಮೊಟ್ಟೆ ಮಾಂಸ ತಿನ್ನುವವರಿಗೆ ಅವೂ ಸೇರಿದಂತೆ, 85 ಗ್ರಾಂ ಮೀಸಲಿಡುತ್ತದೆ. ಈ 85 ಗ್ರಾಂನೊಳಗೆ ಸೋಯಾದ ಪಾಲು 25ರಿಂದ 30 ಗ್ರಾಂ ಒಣ ಕಾಳು, ಇಲ್ಲವೆ ಅಷ್ಟೇ ತೂಕದ ಒಣ ಚಂಕ್ಸ್ ಇದ್ದರೆ ಸಾಕು. ಅದರಿಂದ 9ರಿಂದ 15 ಗ್ರಾಂ ಪ್ರೋಟೀನ್ ಸಿಗುತ್ತದೆ. 65 ಕಿಲೊ ತೂಗುವ ಗಂಡಸಿಗೆ ದಿನಕ್ಕೆ ಬೇಕಾದ 54 ಗ್ರಾಂನಲ್ಲಿ ಇದು ಆರನೆಯ ಒಂದು ಪಾಲಿಗೆ ಕಡಿಮೆಯಾಗದು. ವಾರದಲ್ಲಿ ನಾಲ್ಕೈದು ದಿನ ಹೀಗೆ ತಿಂದು, ಉಳಿದ ದಿನ ಹೆಸರು, ಕಡಲೆ, ಅಲಸಂದೆ, ಹುರುಳಿಗಳಿಗೆ ಜಾಗ ಬಿಡುವುದು ಒಳ್ಳೆಯದು. ಒಂದೊಂದು ಕಾಳಿನ ನಾರು, ಖನಿಜಗಳು ಬೇರೆಬೇರೆ ಬಗೆಯವು. ಆರೋಗ್ಯವಂತ ವಯಸ್ಕರು ಆಗೊಮ್ಮೆ ಈಗೊಮ್ಮೆ ಇದರ ಎರಡರಷ್ಟು ತಿಂದರೆ ಹಾನಿಯೇನೂ ಇಲ್ಲ.

ಪ್ರಮಾಣದಷ್ಟೇ ಮುಖ್ಯವಾದದ್ದು ಬೇಯಿಸುವ ಬಗೆ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಟ್ರಿಪ್ಸಿನ್ ನಿರೋಧಕಗಳಿವೆ. ಚೆನ್ನಾಗಿ ಬೇಯಿಸಿದರೆ ಅವುಗಳ ಬಲ ಬಹುಪಾಲು ಅಳಿಯುತ್ತದೆ. ಸೋಯಾ ಹಾಲಿಗೆಂದು ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ತಣ್ಣೀರು ಹಾಕಿ ರುಬ್ಬಿದಾಗ ಮೂಗಿಗೆ ಹೊಡೆಯುವ ಹಸಿ ವಾಸನೆಗೆ ಕಾರಣ ಲಿಪಾಕ್ಸಿಜಿನೇಸ್ ಎಂಬ ಕಿಣ್ವ, ಅಂದರೆ ಕಾಳಿನೊಳಗೇ ಇದ್ದು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್. ಕಾಳು ಒಡೆದೊಡನೆ ಅದು ಕೊಬ್ಬಿನೊಡನೆ ಸೇರಿ ಆ ವಾಸನೆ ಹುಟ್ಟಿಸುತ್ತದೆ. ನೆನೆದ ಕಾಳನ್ನು ಮೊದಲು ಕುದಿಯುವ ನೀರಿಗೆ ಹಾಕಿ ಬೇಯಿಸಿ, ಸಿಪ್ಪೆ ಉಜ್ಜಿ ತೆಗೆದು, ಬಿಸಿನೀರಿನಲ್ಲೇ ರುಬ್ಬಿದರೆ ಕಿಣ್ವ ಕೆಲಸ ಮಾಡುವ ಮೊದಲೇ ಸಾಯುತ್ತದೆ, ಹಾಲಿಗೆ ಆ ನಾತ ಹತ್ತುವುದಿಲ್ಲ. ನೆನೆಸಿದ ನೀರನ್ನು ಚೆಲ್ಲಿದರೆ ಹೊಟ್ಟೆ ಉಬ್ಬರಿಸುವ ಸಕ್ಕರೆಗಳೂ ಒಂದಿಷ್ಟು ಕಡಿಮೆಯಾಗುತ್ತವೆ. ಗೋಧಿಯೊಂದಿಗೆ ಹಸಿ ಸೋಯಾವನ್ನೇ ಬೆರೆಸಿ ಗಿರಣಿಗೆ ಒಯ್ಯುವ ರೂಢಿಯನ್ನು ಬಿಡಬೇಕು. ನೆನೆಸಿ, 20ರಿಂದ 25 ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿದ ಕಾಳನ್ನು ಒಂಬತ್ತು ಪಾಲು ಗೋಧಿಗೆ ಒಂದು ಪಾಲಿನಂತೆ ಬೆರೆಸಿ ಬೀಸಿದರೆ ಚಪಾತಿಯ ರುಚಿಯೂ ಕೆಡದು, ಕಾಳಿನ ಗುಣವೂ ದಕ್ಕುತ್ತದೆ.

ಸೋಯಾ ಆಹಾರವೆಂಬ ನೆಲೆಯಲ್ಲಿ ಈ ಪರೀಕ್ಷೆಯನ್ನು ಗೆದ್ದಿದೆ. ದಿನಕ್ಕೆ 25 ಗ್ರಾಂ ಪ್ರೋಟೀನ್ ಎಂಬ ವಿಧಿ ಗೆದ್ದಿಲ್ಲ. ಮನೆಯಲ್ಲಿ ಬೇಯಿಸಿದ ಒಂದು ಹಿಡಿ ಕಾಳು ಕೊಡುವುದಕ್ಕಿಂತ ಹೆಚ್ಚಿನ ಆರೋಗ್ಯವನ್ನು ಆರೋಗ್ಯವಂತರಿಗೆ ಕೊಡುವೆನೆನ್ನುವ ಐಸೋಫ್ಲೇವೋನ್ ಮಾತ್ರೆಗೂ ಸೋಯಾ ಪ್ರೋಟೀನ್ ಡಬ್ಬಿಗೂ ಈವರೆಗಿನ ಸಾಕ್ಷ್ಯದಲ್ಲಿ ಗಟ್ಟಿ ಆಧಾರವಿಲ್ಲ, ಓದುಗರು ಅದಕ್ಕಾಗಿ ಹಣ ಖರ್ಚು ಮಾಡಬೇಕಾಗಿಲ್ಲ.