ಹೊಸ ಬ್ರೇಕು, ಮೂರು ಸದ್ದು

ಕಾರ್ಖಾನೆಯಿಂದ ಬಂದ ಕಾರಿನ ಬ್ರೇಕು ಸದ್ದಿಲ್ಲದೆ ಕೆಲಸ ಮಾಡುತ್ತದಲ್ಲ, ಆ ಮೌನ ತಾನಾಗಿ ಬಂದದ್ದಲ್ಲ. ಕೂತು ಕಟ್ಟಿದವರಿದ್ದಾರೆ. ಎರಕದ ಕಬ್ಬಿಣದ ತಟ್ಟೆ, ಅಂದರೆ ಡಿಸ್ಕ್, ರಭಸದಿಂದ ತಿರುಗುತ್ತಿರುವಾಗ ಕ್ಯಾಲಿಪರ್ ಎಂಬ ಇಕ್ಕಳ ಅದನ್ನು ಎರಡೂ ಕಡೆಯಿಂದ ಪ್ಯಾಡುಗಳಲ್ಲಿ ಅವುಚಿ ಹಿಡಿದರೆ ಅದು ಕಿರುಚುವುದೇ ಸಹಜ. ಕಿರುಚದಂತೆ ನೋಡಿಕೊಳ್ಳಲು ಎಂಜಿನಿಯರುಗಳು ಪ್ಯಾಡಿನ ಅಂಚು ಕೆತ್ತುತ್ತಾರೆ, ಬೆನ್ನಿಗೆ ರಬ್ಬರ್ ಲೇಪದ ತಗಡು ಅಂಟಿಸುತ್ತಾರೆ, ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಸ್ಪೋರ್ಟ್ಸ್ ಕಾರಿಗೆ ದೊಡ್ಡ ಬ್ರೇಕ್ ಹಾಕಿಸಿದ ದಿನ ನಾವು ಹಳೆಯ ಕ್ಯಾಲಿಪರ್, ಡಿಸ್ಕ್, ಪ್ಯಾಡುಗಳ ಜೊತೆಗೆ ಆ ಮೌನವನ್ನೂ ಬಿಚ್ಚಿ ಗ್ಯಾರೇಜಿನಲ್ಲೇ ಬಿಟ್ಟು ಬರುತ್ತೇವೆ.

ಡಿಸ್ಕ್ ಬ್ರೇಕಿನ ಹುಟ್ಟಿನಲ್ಲೇ ಈ ಕಿರುಚಾಟವಿದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಅವನು ಬಳಸಿದ್ದು ತಾಮ್ರದ ಪ್ಯಾಡು. ಲೋಹಕ್ಕೆ ಲೋಹ ಉಜ್ಜಿ ಎದ್ದ ಸದ್ದು ಸವಾರರಿಗೆ ತಾಳಲಾಗದಷ್ಟಿತ್ತು. ಮುಂದೆ ಕೆಲವೇ ವರ್ಷಗಳಲ್ಲಿ, ಫೆರೋಡೊ ಕಂಪನಿ ಕಟ್ಟಿದ ಹರ್ಬರ್ಟ್ ಫ್ರೂಡ್ ಕಲ್ನಾರಿನ ಲೈನಿಂಗ್ ತಯಾರಿಸಿದ ಮೇಲೆ ಆ ಕಿರುಚಾಟಕ್ಕೊಂದು ಮದ್ದು ಸಿಕ್ಕಿತು. ಆದರೂ ಡಿಸ್ಕಿಗೆ ನಿಜವಾದ ಮಾನ ಬಂದದ್ದು 1953ರಲ್ಲಿ, ಡನ್ಲಪ್ ಡಿಸ್ಕ್ ಬ್ರೇಕ್ ತೊಟ್ಟ ಜಾಗ್ವಾರ್ ಸಿ-ಟೈಪ್ ಲಿ ಮಾನ್‌ನ 24 ಗಂಟೆಯ ರೇಸ್ ಗೆದ್ದಾಗ. ಕಲ್ನಾರು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದು ಅದನ್ನು ಕೈಬಿಟ್ಟ ಮೇಲೆ ಪ್ಯಾಡು ತಯಾರಕರು ಹೊಸ ಮಿಶ್ರಣಗಳನ್ನು ಹುಡುಕಬೇಕಾಯಿತು. ಆ ಹುಡುಕಾಟ ಇನ್ನೂ ಮುಗಿದಿಲ್ಲ.

ಬೆಂಗಳೂರಿನ ನನ್ನ ಗೆಳೆಯರೊಬ್ಬರ ಬಳಿ ಪೋರ್ಷೆ ಕೇಮನ್ ಎಸ್ ಇದೆ, 987 ಪೀಳಿಗೆಯದು, 3.4 ಲೀಟರ್ ಎಂಜಿನ್. ಮುಂದಿನ ಡಿಸ್ಕ್ 318 ಮಿಲಿಮೀಟರ್, ಕ್ಯಾಲಿಪರಿಗೆ ನಾಲ್ಕು ಪಿಸ್ಟನ್. ರಸ್ತೆಗೆ ಇದು ಧಾರಾಳ. ಅವರಿಗೆ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನ ಗೀಳು. ಅಲ್ಲಿಯ ಬಿಸಿಲಿನಲ್ಲಿ ಕೆಲವು ಸುತ್ತು ಜೋರಾಗಿ ಓಡಿಸಿದ ಮೇಲೆ ಪೆಡಲ್ ಮೆತ್ತಗಾಗತೊಡಗಿತು. ಪೆಡಲ್ ಮೆತ್ತಗಾದರೆ ಬಹುಪಾಲು ಬ್ರೇಕ್ ಆಯಿಲ್ ಕುದಿದಿರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಗಾಳಿಯ ತೇವ ಕುಡಿದು ಹಳತಾದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹೊಸ ಆಯಿಲ್, ಒಳ್ಳೆಯ ಪ್ಯಾಡು ಹಾಕಿಸಿ ಒಮ್ಮೆ ಟ್ರ್ಯಾಕಿಗೆ ಹೋಗಿ ಬಂದ ನಂತರವಷ್ಟೇ ದೊಡ್ಡ ಬ್ರೇಕಿನ ಯೋಚನೆ ಮಾಡಬೇಕು ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಅವರು ನೇರ ದೊಡ್ಡದಕ್ಕೇ ಹೋದರು. ನಡುವೆ ಅಲ್ಯೂಮಿನಿಯಂ, ಹೊರಗೆ ಕಬ್ಬಿಣದ ಬಳೆಯಿರುವ 350 ಮಿಲಿಮೀಟರಿನ ಎರಡು ತುಂಡಿನ ಡಿಸ್ಕ್, ಆರು ಪಿಸ್ಟನ್ನಿನ ಕ್ಯಾಲಿಪರ್, ಟ್ರ್ಯಾಕಿಗೆಂದೇ ಮಾಡಿದ ಪ್ಯಾಡು.

ಕಾರು ನಿಲ್ಲುವ ರೀತಿ ಅದ್ಭುತವಾಗಿತ್ತು, ಆದರೆ ಜೊತೆಗೆ ಸದ್ದೂ ಶುರುವಾಗಿತ್ತು. ಸದ್ದಿನ ಬಗ್ಗೆ ಕೇಳಿದ್ದಕ್ಕೆ ಗ್ಯಾರೇಜಿನವರು, ‘ಪರ್ಫಾರ್ಮೆನ್ಸ್ ಬ್ರೇಕ್ ಅಲ್ವಾ ಸಾರ್, ಹಂಗೇ ಇರುತ್ತೆ’ ಅಂದರಂತೆ. ಈ ಮಾತು ಅರ್ಧ ನಿಜ. ಉಳಿದ ಅರ್ಧ ಅಪಾಯಕಾರಿ. ಏಕೆಂದರೆ ಗೆಳೆಯರು ‘ಒಂದು ಸದ್ದು’ ಎಂದು ಹೇಳುತ್ತಿದ್ದದ್ದು ಮೂರು ಬೇರೆ ಬೇರೆ ಸದ್ದು. ಮೂರಕ್ಕೂ ಒಂದೇ ಉತ್ತರ ಕೊಟ್ಟು ಕಳಿಸುವುದು ರೋಗಿಯ ಕೈ ಹಿಡಿದೂ ನೋಡದೆ ಮಾತ್ರೆ ಬರೆದುಕೊಟ್ಟಂತೆ.

ಬಿಚ್ಚುವ ಮುಂಚೆ ಕೇಳಬೇಕು. ಅದಕ್ಕೆ ಉದ್ದನೆಯ ಕಾಂಪೌಂಡ್ ಗೋಡೆಯೊಂದು ಸಾಕು. ಕಿಟಕಿಯ ಗಾಜು ಇಳಿಸಿ, ರೇಡಿಯೊ, ಎಸಿ ಆರಿಸಿ, ಗೋಡೆಯ ಪಕ್ಕದಲ್ಲೇ ನಿಧಾನವಾಗಿ ಹೋದರೆ ಚಕ್ರದ ಸದ್ದು ಗೋಡೆಗೆ ಬಡಿದು ಕಿವಿಗೆ ಮರಳುತ್ತದೆ. ಬಲಗಡೆಯ ಚಕ್ರಕ್ಕೊಮ್ಮೆ, ಎಡಗಡೆಯದಕ್ಕೊಮ್ಮೆ. ಕೇಳಬೇಕಾದ್ದು ಎರಡೇ ಪ್ರಶ್ನೆ. ಬ್ರೇಕ್ ತುಳಿಯದಿದ್ದಾಗಲೂ ಸದ್ದಿದೆಯೇ? ವೇಗ ಇಳಿದಂತೆ ಸದ್ದಿನ ಸ್ಥಾಯಿಯೂ ಇಳಿಯುತ್ತದೆಯೇ, ಇಲ್ಲ ಒಂದೇ ಸ್ವರದಲ್ಲಿ ನಿಂತಿರುತ್ತದೆಯೇ?

ಎರಡನೆಯ ಪ್ರಶ್ನೆಯೇ ಇಡೀ ವಿದ್ಯೆಯ ಕೀಲಿ. ಪಿಟೀಲಿನ ಕಮಾನು ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ನೂರಾರು ಸಲ. ಕಮಾನನ್ನು ಬೇಗ ಎಳೆದರೂ ತಡವಾಗಿ ಎಳೆದರೂ ಸ್ವರ ಬದಲಾಗುವುದಿಲ್ಲ, ಅದು ತಂತಿಯದು. ಪ್ಯಾಡು, ಡಿಸ್ಕಿನ ನಡುವೆಯೂ ಇದೇ ಬಗೆಯ ಹಿಡಿ-ಬಿಡು ನಡೆದು ಡಿಸ್ಕ್ ನಡುಗುತ್ತದೆ, ಜೊತೆಗೆ ಪ್ಯಾಡು, ಕ್ಯಾಲಿಪರ್ ಕೂಡ. ಆ ನಡುಕ ಸಾಮಾನ್ಯವಾಗಿ ಸೆಕೆಂಡಿಗೆ 1,000 ಕಂಪನಕ್ಕೂ ಮೇಲೆ, ಕೆಲವೊಮ್ಮೆ 15,000ದ ಹತ್ತಿರ. ಹಾಗಾಗಿ 40ರ ವೇಗದಿಂದ 5ಕ್ಕೆ ಇಳಿಯುವವರೆಗೂ ಒಂದೇ ಸ್ವರದಲ್ಲಿ ಕೀಚಲಿಟ್ಟರೆ ಅದು ಘರ್ಷಣೆಯ ಸದ್ದು. ವೇಗದ ಜೊತೆ ಲಯ ಬದಲಾದರೆ ಅದು ಚಕ್ರದ ಸುತ್ತಿಗೆ ಕಟ್ಟಿದ ಸದ್ದು. ಈ ಕೇಮನ್ನಿನ ಮುಂದಿನ ಟಯರಿನ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಮೂರು ಸುತ್ತಿಗೂ ತುಸು ಕಡಿಮೆ ಸುತ್ತುತ್ತದೆ. ಅಷ್ಟನ್ನು ಕಿವಿಯೇ ಎಣಿಸಬಲ್ಲದು. ಡಿಸ್ಕಿನ ಮೇಲೆ ತಯಾರಕರೇ ಕೊರೆದ ಎಂಟು ಗೀರುಗಳಿದ್ದರೆ ಬ್ರೇಕ್ ತುಳಿದಾಗ ಅದೇ ವೇಗದಲ್ಲಿ ಸೆಕೆಂಡಿಗೆ 22 ಸಲ ‘ಗುರ್’ ಅನ್ನುತ್ತದೆ. 80ರ ವೇಗದಲ್ಲಿ 88 ಸಲ, ಅಂದರೆ ತಗ್ಗು ದನಿಯ ಮೊರೆತ. ಗೀರಿನ ಡಿಸ್ಕ್ ಕೊಂಡವರು ಈ ಮೊರೆತಕ್ಕೆ ಹೆದರಬೇಕಿಲ್ಲ.

ಗೆಳೆಯರ ಮೊದಲನೆಯ ಸದ್ದು ಬೆಳಗಿನ ಕಿರುಚಾಟ. ಅಪಾರ್ಟ್‌ಮೆಂಟಿನ ಗೇಟು ದಾಟಿ ಮೊದಲ ಸಿಗ್ನಲ್ಲಿನಲ್ಲಿ, ಪೆಡಲನ್ನು ಹಗುರವಾಗಿ ತುಳಿದಾಗ, ನಿಲ್ಲುವ ಕೊನೆಯ ಕೆಲವು ಮೀಟರುಗಳಲ್ಲಿ. ಸ್ವರ ಬದಲಾಗುತ್ತಿರಲಿಲ್ಲ. ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದ ಮೇಲೆ ಕಡಿಮೆಯಾಗುತ್ತಿತ್ತು. ಇದು ಟ್ರ್ಯಾಕ್ ಪ್ಯಾಡಿನ ಜಾತಿಗುಣ. ಅದು ಬಿಸಿಯಲ್ಲಿ ದುಡಿಯಲು ಹುಟ್ಟಿದ್ದು. ಊರೊಳಗಿನ ಓಡಾಟಕ್ಕೆ ಡಿಸ್ಕ್ ಅಷ್ಟು ಕಾಯುವುದೇ ಇಲ್ಲ. ಆದರೂ ಇಷ್ಟಕ್ಕೇ ಕೈ ಚೆಲ್ಲಬಾರದು. ಪೋರ್ಷೆ ತನ್ನ ಕ್ಯಾಲಿಪರಿನ ಪಿಸ್ಟನ್ನುಗಳೊಳಗೆ ಕಂಪನ ನುಂಗುವ ಪುಟ್ಟ ಬಿಡಿಭಾಗಗಳನ್ನು ಕೂರಿಸಿ ಅವನ್ನು ಪ್ಯಾಡಿನ ಬೆನ್ನಿಗೆ ಅಂಟಿಸಿರುತ್ತದೆ. ದೊಡ್ಡ ಬ್ರೇಕಿನ ಕಿಟ್‌ನಲ್ಲಿ ಅಂಥದ್ದಿರಲಿಲ್ಲ. ಪ್ಯಾಡಿನ ಬೆನ್ನಿಗೆ ಪದರದ ತಗಡು ಹಾಕಿ, ಡಿಸ್ಕ್ ಮೊದಲು ತಾಗುವ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ, ಪ್ಯಾಡು ಜಾರುವ ಜಾಗಗಳಿಗೆ ಬ್ರೇಕಿಗೆಂದೇ ಇರುವ ಸಿಲಿಕೋನ್ ಅಥವಾ ಸೆರಾಮಿಕ್ ಗ್ರೀಸನ್ನು ತೆಳ್ಳಗೆ ಸವರಿದ ಮೇಲೆ ಕಿರುಚಾಟ ಎಷ್ಟೋ ತಗ್ಗಿತು. ಸಾಮಾನ್ಯ ಗ್ರೀಸ್ ಅಲ್ಲಿಗೆ ಕೂಡದು. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಕ್ಯಾಲಿಪರಿನ ರಬ್ಬರ್ ಸೀಲು ಉಬ್ಬುತ್ತದೆ. ಪಿಸ್ಟನ್ ಸರಾಗವಾಗಿ ಹಿಂದೆ ಸರಿಯದೆ ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ.

ಎರಡನೆಯದು ಎಡತಿರುವಿನಲ್ಲಿ ಮಾತ್ರ ಕೇಳುವ ‘ಸರ್ರ್... ಸರ್ರ್’. ಬ್ರೇಕ್ ತುಳಿಯದಿದ್ದಾಗಲೂ ಇತ್ತು, ಚಕ್ರದ ಸುತ್ತಿಗೊಮ್ಮೆ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಗಡೆಯ ಚಕ್ರಗಳ ಮೇಲೆ ವಾಲುತ್ತದೆ. ಕಾರನ್ನು ಎತ್ತಿ ನೋಡಿದರೆ ಬಲ ಮುಂದಿನ ಡಿಸ್ಕಿನ ಹಿಂದಿನ ತಗಡಿನ ಅಂಚು ಒಂದು ಕಡೆ ಹೊಳೆಯುತ್ತಿತ್ತು. 318ರ ಡಿಸ್ಕಿಗೆ ಅಳತೆ ಮಾಡಿದ ತಗಡು 350ರ ಡಿಸ್ಕನ್ನು ತಾಗುತ್ತಿತ್ತು. ಕೈಯಲ್ಲೇ ತುಸು ಬಗ್ಗಿಸಿದ್ದಕ್ಕೆ ಸದ್ದು ಹೋಯಿತು. ಕೆಲವರು ಈ ತಗಡನ್ನೇ ಕಿತ್ತು ಎಸೆಯುತ್ತಾರೆ. ನನಗದು ಸರಿ ಕಾಣುವುದಿಲ್ಲ. ಡಿಸ್ಕಿನ ಕಾವು ಬಾಲ್ ಜಾಯಿಂಟಿನ ರಬ್ಬರನ್ನು ಸುಡದಂತೆ ತಡೆಯುವುದು ಅದೇ, ನಮ್ಮ ರಸ್ತೆಯ ಕಲ್ಲು, ಕೆಸರನ್ನು ತಡೆಯುವುದೂ ಅದೇ. ಇದೇ ಬಗೆಯ ಸದ್ದಿಗೆ ಇನ್ನೊಂದು ಕಾರಣ ರಿಮ್ಮಿನ ಒಳಮೈಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕ. ದೊಡ್ಡ ಕ್ಯಾಲಿಪರ್ ಬಂದ ಮೇಲೆ ರಿಮ್ಮಿಗೂ ಅದಕ್ಕೂ ನಡುವೆ ಜಾಗವೇ ಉಳಿದಿರುವುದಿಲ್ಲ. ಸುತ್ತಿಗೊಮ್ಮೆ ಬರುವ ಸದ್ದಿನ ಬದಲು ಎಡೆಬಿಡದ ಹೂಂಕಾರ ಕೇಳಿ, ತಿರುವಿನಲ್ಲಿ ಅದು ಹೆಚ್ಚಿದರೆ ಚಕ್ರದ ಬೇರಿಂಗನ್ನು ಅನುಮಾನಿಸಬೇಕು.

ಮೂರನೆಯದು ‘ಟಕ್’. ರಿವರ್ಸ್ ತೆಗೆದು ಮುಂದಕ್ಕೆ ಹೊರಟು ಮೊದಲ ಸಲ ಬ್ರೇಕ್ ಹಿಡಿದಾಗ ಒಮ್ಮೆ, ಆಮೇಲೆ ಇಲ್ಲ. ಇಂಥ ಕ್ಯಾಲಿಪರಿನಲ್ಲಿ ಪ್ಯಾಡು ಕೂರುವ ಮನೆ ಕೂದಲೆಳೆಯಷ್ಟು ಸಡಿಲವಿರುತ್ತದೆ. ದಿಕ್ಕು ಬದಲಾದಾಗ ಪ್ಯಾಡು ಈ ಅಂಚಿನಿಂದ ಆ ಅಂಚಿಗೆ ಸರಿಯುತ್ತದೆ. ಇದರಿಂದ ತೊಂದರೆಯಿಲ್ಲ. ಎರಡು ತುಂಡಿನ ಡಿಸ್ಕುಗಳಲ್ಲಿ ಕೆಲವು ಹೊಂಡ ಹಾರಿದಾಗ ಗಲಗಲ ಎನ್ನುವುದೂ ಉಂಟು, ಹೊರಗಿನ ಬಳೆ ಕಾದಾಗ ಹಿಗ್ಗಲು ಬಿಟ್ಟ ಸಂದಿಯ ಸದ್ದು ಅದು. ಆದರೆ ಪ್ರತಿ ಸಲ ಬ್ರೇಕ್ ತುಳಿದಾಗಲೂ ‘ಟಕ್’ ಬಂದರೆ ಕಾರನ್ನು ಅಲ್ಲೇ ನಿಲ್ಲಿಸಬೇಕು. ಕ್ಯಾಲಿಪರನ್ನೋ ಅದರ ಬ್ರಾಕೆಟ್ಟನ್ನೋ ಹಿಡಿದ ಬೋಲ್ಟು ಸಡಿಲವಾಗಿರಬಹುದು. ದೊಡ್ಡ ಡಿಸ್ಕಿಗೆ ಕ್ಯಾಲಿಪರನ್ನು ಹೊರಕ್ಕೆ ಸರಿಸಲು ಕಿಟ್‌ನವರು ಬ್ರಾಕೆಟ್ ಕೊಟ್ಟಿರುತ್ತಾರೆ. ನಿಲ್ಲಿಸುವ ಬಲವೆಲ್ಲ ಅದರ ಎರಡೇ ಬೋಲ್ಟುಗಳ ಮೇಲೆ. ಟಾರ್ಕ್ ರೆಂಚಿನಿಂದ ಅಳೆದು ಬಿಗಿಸಬೇಕು, ಮೊದಲ ಓಡಾಟದ ನಂತರ ಇನ್ನೊಮ್ಮೆ ನೋಡಬೇಕು. ‘ಕೈ ಅಂದಾಜಿಗೇ ಟೈಟ್ ಮಾಡಿದೀನಿ ಸಾರ್’ ಎಂಬ ಮಾತನ್ನು ಇಲ್ಲಿ ಒಪ್ಪಲಾಗದು.

ಮೂರೂ ಮುಗಿಯಿತು ಎನ್ನುವಷ್ಟರಲ್ಲಿ, ಒಂದು ಟ್ರ್ಯಾಕ್ ದಿನದ ನಂತರ, ನಾಲ್ಕನೆಯದು ಶುರುವಾಯಿತು. ಹೆದ್ದಾರಿಯ ವೇಗದಲ್ಲಿ ಬ್ರೇಕ್ ಹಿಡಿದರೆ ‘ವೂಂ... ವೂಂ’ ಎಂಬ ನರಳಾಟ, ಸ್ಟೇರಿಂಗಿನಲ್ಲಿ ನಡುಕ. ‘ಡಿಸ್ಕ್ ಬೆಂಡ್ ಆಗಿದೆ’ ಎಂದರು ಗ್ಯಾರೇಜಿನವರು. ಅಮೆರಿಕದ ರೇಸ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ಈ ನಂಬಿಕೆಯ ವಿರುದ್ಧವೇ ಬರೆದಿದ್ದಾರೆ: ಬೆಂಡಾಯಿತು ಎಂದು ತಂದು ತೋರಿಸುವ ಡಿಸ್ಕುಗಳಲ್ಲಿ ನಿಜಕ್ಕೂ ಆಗಿರುವುದು ಪ್ಯಾಡಿನ ದ್ರವ್ಯ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಅಂಟಿರುವುದು. ಒಳ್ಳೆಯ ಬ್ರೇಕಿನಲ್ಲಿ ಪ್ಯಾಡು ತನ್ನದೇ ದ್ರವ್ಯದ ತೆಳು ಪದರವೊಂದನ್ನು ಡಿಸ್ಕಿನ ಮೇಲೆ ಸಮನಾಗಿ ಹಚ್ಚಿರುತ್ತದೆ. ಆ ಪದರದ ಮೇಲೆ ಪ್ಯಾಡು ಉಜ್ಜುವುದರಿಂದಲೇ ಹಿಡಿತ. ಕೆಂಪಗೆ ಕಾದ ಡಿಸ್ಕಿನೊಡನೆ ಪಿಟ್‌ಗೆ ಬಂದು ಪೆಡಲನ್ನು ಒತ್ತಿಕೊಂಡೇ ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಒತ್ತಿಬಿಡುತ್ತದೆ. ದಪ್ಪದಲ್ಲಿ 15–20 ಮೈಕ್ರಾನ್ ವ್ಯತ್ಯಾಸವೂ ಕೈಗೆ, ಕಾಲಿಗೆ ಗೊತ್ತಾಗುತ್ತದೆ. ತಲೆಗೂದಲಿನ ದಪ್ಪ ಇದರ ಮೂರು ನಾಲ್ಕು ಪಟ್ಟು. ಅಂಟಿದ ಜಾಗ ಇನ್ನೂ ಹೆಚ್ಚು ಕಾಯುತ್ತದೆ. ಕಾವು 650–700 ಡಿಗ್ರಿ ಮುಟ್ಟಿದರೆ ಅಲ್ಲಿನ ಕಬ್ಬಿಣವೇ ಸಿಮೆಂಟೈಟ್ ಎಂಬ ಗಡುಸು ರೂಪಕ್ಕೆ ತಿರುಗುತ್ತದೆ. ಆಮೇಲೆ ಲೇತಿಗೆ ಹಾಕಿ ಮೇಲ್ಮೈ ತೆಗೆದರೂ ಪ್ರಯೋಜನವಿಲ್ಲ. ಸುತ್ತಲಿನ ಮೆದು ಕಬ್ಬಿಣ ಸವೆದು ಗಡುಸು ಚುಕ್ಕೆ ಮತ್ತೆ ತಲೆ ಎತ್ತುತ್ತದೆ.

ಹಾಗಾಗಿ ಗೆಳೆಯರಿಗೆ ಲೇತ್ ಬೇಡವೆಂದೆ. ಡಿಸ್ಕ್ ಬಿಚ್ಚಿ, ಅದು ಕೂರುವ ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಸಿದೆವು. ಅಲ್ಲಿ ಕುಳಿತ ಒಂದು ಚೂರು ತುಕ್ಕು ಡಿಸ್ಕಿನ ಅಂಚಿನಲ್ಲಿ ದೊಡ್ಡ ಓಲಾಟವಾಗುತ್ತದೆ. ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿದಾಗ ಓಲಾಟ 0.05 ಮಿಲಿಮೀಟರಿನೊಳಗೇ ಇತ್ತು. ಡಿಸ್ಕ್ ಬೆಂಡಾಗಿರಲಿಲ್ಲ. ಎರಡೂ ಮುಖಕ್ಕೆ ಮರಳುಕಾಗದ ಹಿಡಿದು ಹಳೆಯ ಪದರ ತೆಗೆದು, ಮತ್ತೆ ಪಳಗಿಸುವುದಷ್ಟೇ ಉಳಿಯಿತು.

ಈ ಪಳಗಿಸುವ ಕೆಲಸವನ್ನೇ ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪ್ಯಾಡು ತಯಾರಕರ ಸೂಚನೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸವಿರಬಹುದು, ಕ್ರಮ ಬಹುಮಟ್ಟಿಗೆ ಒಂದೇ: 100ರ ವೇಗದಿಂದ 20ಕ್ಕೆ ಗಟ್ಟಿಯಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುವುದು, ಹೀಗೆ ಎಂಟು ಹತ್ತು ಸಲ, ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ಆರಲು ಬಿಡುವುದು. ಕಾರು ನಿಂತ ಮೇಲೆ ಪೆಡಲ್ ಒತ್ತಿ ಹಿಡಿಯಬಾರದು. ಹೊಸ ಬ್ರೇಕ್ ಹಾಕಿಸಿದ ಸಂಜೆಯೇ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿಗೆ ನುಗ್ಗಿ ಒಂದು ವಾರ ಹಗುರ ಹಗುರವಾಗಿ ತುಳಿದರೆ ಪದರ ಸಮನಾಗಿ ಕೂರುವುದಿಲ್ಲ, ಪ್ಯಾಡು ನುಣುಪಾಗಿ ಕಿರುಚತೊಡಗುತ್ತದೆ. ಟ್ರ್ಯಾಕೇ ಇದಕ್ಕೆ ಸರಿಯಾದ ಜಾಗ. ಅದಾಗದಿದ್ದರೆ ಸೂರ್ಯ ಮೂಡಿದ ಕೂಡಲೇ, ಹಿಂದೆ ಒಂದು ಗಾಡಿಯೂ ಇಲ್ಲದ ನೇರ ರಸ್ತೆ.

ಗೆಳೆಯರು ಈಗ ಎರಡು ಜೊತೆ ಪ್ಯಾಡು ಇಟ್ಟುಕೊಂಡಿದ್ದಾರೆ, ಊರಿಗೊಂದು, ಟ್ರ್ಯಾಕಿಗೊಂದು. ಎರಡನ್ನೂ ಒಂದೇ ತಯಾರಕರ ಒಂದಕ್ಕೊಂದು ಹೊಂದುವ ಮಿಶ್ರಣದಲ್ಲೇ ತೆಗೆದುಕೊಳ್ಳಲು ಹೇಳಿದ್ದೆ. ಹೊಂದದಿದ್ದರೆ ಒಂದು ಹಚ್ಚಿದ ಪದರವನ್ನು ಇನ್ನೊಂದು ಕೆರೆದು ಹಾಕುತ್ತದೆ, ಮತ್ತೆ ಅದೇ ನರಳಾಟ. ಬಿಚ್ಚಿದ ಪ್ರತಿ ಪ್ಯಾಡಿನ ಬೆನ್ನಿನ ಮೇಲೆ ಅವರು ಮಾರ್ಕರ್ ಪೆನ್ನಿನಲ್ಲಿ ಬರೆದಿಡುತ್ತಾರೆ: ಎಡ ಒಳಗೆ, ಎಡ ಹೊರಗೆ, ಬಲ ಒಳಗೆ, ಬಲ ಹೊರಗೆ. ಸವೆದು ಹೊಂದಿಕೊಂಡ ಪ್ಯಾಡು ತನ್ನದೇ ಮನೆಗೆ ಮರಳಬೇಕು. ಅದಲುಬದಲಾದರೆ ಡಿಸ್ಕನ್ನು ಮುಖವಿಟ್ಟು ತಾಗುವುದಿಲ್ಲ, ಅಂಚಿನಲ್ಲೇ ಕಚ್ಚುತ್ತದೆ.