ಶ್ರೀಕೃಷ್ಣ ಪಾರಿಜಾತದಲ್ಲಿ ಪಾಠವೂ ಪ್ರಯೋಗವೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಕಥೆಯನ್ನರಿಯದವರು ವಿರಳ. ನಾರದನು ತಂದ ಸ್ವರ್ಗಪುಷ್ಪವು ರುಕ್ಮಿಣಿಯ ಪಾಲಾಗುವುದು, ಸತ್ಯಭಾಮೆಯು ಮುನಿಯುವುದು, ಕೃಷ್ಣನು ಆಕೆಯನ್ನು ಒಲಿಸಿಕೊಳ್ಳುವುದು, ಇಷ್ಟೇ ವಸ್ತು. ಅಪರಾಳ ತಮ್ಮಣ್ಣನ ಕೃತಿಯನ್ನು ಇಂದಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನು 19ನೆಯ ಶತಮಾನದಲ್ಲಿ ರಂಗಕ್ಕೆ ಹೊಂದಿಸಿದನು. ಅದರ ಪದಗಳು ಅನೇಕ ಪ್ರೇಕ್ಷಕರಿಗೆ ಕಂಠಸ್ಥವಾಗಿವೆ. ಹೀಗಿರಲು, ತಿಳಿದ ಕಥೆಯನ್ನು ತಿಳಿದ ಪದಗಳಲ್ಲಿಯೇ ಕೇಳುವುದಕ್ಕಾಗಿ ಜನರು ಇರುಳೆಲ್ಲ ಎಚ್ಚತ್ತಿರುವುದೇಕೆ? ಇದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಕ್ಷರವ್ಯತ್ಯಾಸವನ್ನೂ ದೋಷವೆಂದೆಣಿಸುವ ಸಂಸ್ಕೃತ ಪಾಠಶಾಲೆಯ ಸಂಸ್ಕಾರವುಳ್ಳ ನನಗೆ ಈ ಆಟದ ಸಂಭಾಷಣೆಗಳು ಮೊದಮೊದಲು ಅಪಪಾಠಗಳ ರಾಶಿಯಂತೆ ತೋರಿದ್ದುವು. ಒಂದೇ ಪದಕ್ಕೆ ಒಂದು ರಾತ್ರಿ ಒಂದು ಮಾತು, ಮತ್ತೊಂದು ರಾತ್ರಿ ಬೇರೊಂದು. ಹಲವು ಮೇಳಗಳನ್ನು ಕಂಡ ಮೇಲೆ ಈ ಅಭಿಪ್ರಾಯವನ್ನು ಬಿಡಬೇಕಾಯಿತು.

ಭಾಗವತ, ಸತ್ಯಭಾಮೆ, ಹಾರ್ಮೋನಿಯಂ ನುಡಿಸುವವನು, ತಬಲಾ ಬಾರಿಸುವವನು, ಈ ನಾಲ್ವರೂ ಪಳಗಿದವರಾಗಿದ್ದರೆ ಆಗುವುದನ್ನು ಗಮನಿಸಿರಿ. ಸತ್ಯಭಾಮೆಯು ಕೋಪದಿಂದ ಪದವನ್ನು ಹಾಡಿ ಮುಗಿಸುತ್ತಾಳೆ. "ಒಂದು ಹೂವಿನ ಸಲುವಾಗಿ ಇಷ್ಟ್ಯಾಕ ಸಿಟ್ಟು, ತಾಯಿ?" ಎಂಬಂಥ ಮಾತಿನಿಂದ ಭಾಗವತನು ಕೆಣಕುತ್ತಾನೆ. ಆಕೆ ಕೂಡಲೆ ಉತ್ತರಿಸುವುದಿಲ್ಲ. ಹಾರ್ಮೋನಿಯಂ ಕೊನೆಯ ಸ್ವರವನ್ನು ಹಿಡಿದು ನಿಲ್ಲುತ್ತದೆ. ತಬಲೆಯು ಲಯವನ್ನು ಇಳಿಸಿ ಎಡೆಮಾಡಿಕೊಡುತ್ತದೆ. ಆಕೆ ಅದೇ ಸಾಲನ್ನು ಮತ್ತೆ ಎತ್ತಿಕೊಂಡಾಗ ಅಮರ್ಷವಿದ್ದ ಸ್ಥಳದಲ್ಲಿ ದೈನ್ಯವು ಕೇಳಿಬರುತ್ತದೆ. ಅಕ್ಷರವೊಂದೂ ಬದಲಾಗಿಲ್ಲ, ಅರ್ಥವು ಬದಲಾಗಿದೆ. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ಥಾಯಿಯು ಕವಿದತ್ತವಾದುದು. ಸಂಚಾರಿಗಳ ಕ್ರಮವು ಪ್ರಯೋಕ್ತೃಗಳಿಗೆ ಅಧೀನವಾದುದು. ದೂರದ ಅಮೆರಿಕದಲ್ಲಿ 1952ರಲ್ಲಿ ರೂಪುಗೊಂಡ ಮಾಡರ್ನ್ ಜಾಜ಼್ ಕ್ವಾರ್ಟೆಟ್ ಎಂಬ ನಾಲ್ವರ ವಾದ್ಯಮೇಳವೂ ಜನರಿಗೆ ಪರಿಚಿತವಾದ ಹಳೆಯ ಗೀತಗಳನ್ನು ಹೀಗೆಯೇ ಪರಸ್ಪರ ಆಲಿಸುತ್ತ ವಿಸ್ತರಿಸಿತು.

ಸತ್ಯಭಾಮೆಯ ಪಾತ್ರದಿಂದ ಕೌಜಲಗಿ ನಿಂಗಮ್ಮನು ಪಡೆದ ಕೀರ್ತಿಯೂ ಈ ಮಾತಿಗೆ ಸಾಕ್ಷಿಯಾಗಿದೆ. ಪದಗಳು ಎಲ್ಲರವು, ಅವುಗಳಿಗೆ ಬಂದ ಜೀವವು ಆಕೆಯದು.

ಆದರೂ ಈ ಸ್ವಾತಂತ್ರ್ಯಕ್ಕೆ ಮೇರೆಯಿಲ್ಲವೆಂದು ತಿಳಿಯಬಾರದು. ಭಾಗವತನ ಹಾಸ್ಯವು ನಗೆಗಾಗಿಯೇ ಬೆಳೆದು ಪದವನ್ನು ಮರೆಸಿದರೆ, ಅಥವಾ ವಾದ್ಯವು ಕಂಠದೊಡನೆ ಪೋಟಿಗೆ ನಿಂತರೆ, ರಸಭಂಗವು ತಪ್ಪದು. ಎಳೆಯ ನಟರು ತಮಗೆ ಬಲ್ಲುದನ್ನೆಲ್ಲ ತೋರಿಸಲೆಳಸುವರು. ಪಳಗಿದವರು ಬಿಡಬೇಕಾದುದನ್ನು ಬಿಡಬಲ್ಲರು. ಹೊಸ ಮಾತು ಪದದೊಳಗಿಂದ ಹುಟ್ಟಿತೆ, ಅದರ ಮೇಲೆ ಹೇರಲ್ಪಟ್ಟಿತೆ ಎಂಬುದೇ ಇಲ್ಲಿ ಒರೆಗಲ್ಲು.

ಆದುದರಿಂದ ಪಾರಿಜಾತದ ಪದಗಳನ್ನು ಮಾತ್ರ ಶೋಧಿಸಿ ಅಚ್ಚುಹಾಕಿದ ಗ್ರಂಥವು, ಅದೆಷ್ಟು ನಿರ್ದುಷ್ಟವಾಗಿದ್ದರೂ, ಅರ್ಧಗ್ರಂಥವೇ ಸರಿ. ಒಂದೇ ಪದದ ನಾಲ್ಕಾರು ಪ್ರಯೋಗಗಳನ್ನು ಮಾತು, ರಾಗ, ಲಯಗಳೊಡನೆ ಧ್ವನಿಮುದ್ರಿಸಿ ಪಾಠಾಂತರಗಳಂತೆ ಜೋಡಿಸಿಡುವುದು ವಿದ್ವಾಂಸರ ಕರ್ತವ್ಯ. ಓಲೆಗರಿಯು ಹುಳು ಹಿಡಿದರೂ ಪ್ರತಿಯೊಂದು ಎಲ್ಲಿಯಾದರೂ ದೊರೆತೀತು; ಹಳೆಯ ಭಾಗವತನೊಬ್ಬನು ತೀರಿಕೊಂಡರೆ ಅವನ ಪಾಠಕ್ಕೆ ಬೇರೆ ಪ್ರತಿಯಿಲ್ಲ.